ಪಶುವೈದ್ಯಕೀಯ ಸಂದರ್ಶನಕ್ಕೆ ಮನೆಯ ತಾಲೀಮು

ಉತ್ತರ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದು ಸುಲಭವೆಂದು ನಂಬಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಮಗಳು ಸಾನಿಕಾಗೆ ಪಶುವೈದ್ಯಕೀಯ ಕಾಲೇಜಿನಿಂದ ಸಂದರ್ಶನದ ಕರೆ ಬಂದಾಗ, ಮುಂಬಯಿಯ ಮಲಾಡಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪರೀಕ್ಷಕಳಾಗಿ ಕುಳಿತೆ. ಕರೆದದ್ದು ಅದೊಂದೇ ಕಾಲೇಜು. ಇದು ತಪ್ಪಿದರೆ ಅವಳ ಆಸೆ ಅಲ್ಲಿಗೇ ಮುಗಿಯಿತು.

“ಎಮ್ಮಿ ಹಗ್ಗ ಹರ್ಕೊಂಡು ಮೈಮ್ಯಾಲೆ ಬಂದ್ರ ಏನ್ ಮಾಡ್ತೀರಿ?” ಎಂದೆ.

“ಮಮ್ಮಿ, ಫೋರ್ತ್ ಟೈಮ್ ಕೇಳ್ತಿದ್ದಿ. ಅಲ್ಲಿ ಬೆಕ್ಕು ಭೀ ಇರ್ತದೆ.”

“ಬೆಕ್ಕು ಹಗ್ಗ ಹರ್ಕೊಂಡು ಬಂದ್ರ?”

ನನ್ನ ತಪ್ಪಲ್ಲ. ಅನುಭವಕ್ಕೆಂದು ಅವಳು ಹೋಗುತ್ತಿದ್ದ ಎಮ್ಮೆಗಳ ತಬೇಲಾಕ್ಕೆ ಹತ್ತು ದಿನಗಳ ಹಿಂದೆ ನಾನೂ ಹೋಗಿದ್ದೆ. ಒಂದು ಎಮ್ಮೆ ಹಗ್ಗ ಹರಿದುಕೊಂಡು ಬಂದು ಇವಳನ್ನು ಗೋಡೆಗೆ ಒತ್ತಿ ನಿಂತಿತು. ಇವಳು ಅಲುಗದೆ ಅದರ ಕತ್ತು ತುರಿಸುತ್ತ ನಿಂತಳು. ಮಗಳನ್ನು ಕಾಪಾಡಬೇಕಾದ ತಾಯಿ ಹಿಂಡಿ ಮೂಟೆಗಳ ರಾಶಿಯ ತುದಿಯಲ್ಲಿದ್ದಳು. ಹೇಗೆ ಹತ್ತಿದೆನೋ ನೆನಪಿಲ್ಲ. “ಮೇಡಂ, ಉತರಿಯೇ, ಭೈಂಸ್ ಗಯಿ,” ಎಂದು, ಎಮ್ಮೆ ಹೋಯಿತೆಂದು ತಬೇಲಾದವನು ಎರಡು ಸಲ ಕೂಗಿ ಹೇಳಿದ ಮೇಲೆ ಇಳಿದೆ. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ಗೋಡೆ, ಅದೇ ಕೊಂಬು. ಈ ತಾಲೀಮಿನಲ್ಲಿ ಅವಳು ಒಮ್ಮೆ ತಡವರಿಸಿದರೆ ಸಾಕು, “ಬ್ಯಾಡ ಬಿಡವಾ” ಎಂದುಬಿಡೋಣವೆಂದು ಕಾಯುತ್ತಿದ್ದೆ. ಹುಡುಗಿ ತಡವರಿಸಲಿಲ್ಲ. ನೋಟ್‌ಬುಕ್ ಮುಚ್ಚಿ, “ಈಗ ನೀ ಹೇಳು. ನಿಂಗೆ ಯಾಕೆ ವೆಟ್ ಆಗ್ಬೇಕು?” ಎಂದಳು.

ನಗಬೇಕೆಂದುಕೊಂಡೆ, ಮಾತು ಬಂದುಬಿಟ್ಟಿತು. ನಾನು ಚಿಕ್ಕವಳಿದ್ದಾಗ ತವರೂರು ವಿಜಯಪುರದಲ್ಲಿ ನಮ್ಮ ಎಮ್ಮೆ ಈಯಲಾರದೆ ಒದ್ದಾಡಿದ್ದು, ದನದ ಡಾಕ್ಟರು ಅಂಗಿಯ ತೋಳು ಮಡಿಚಿ ಕರುವನ್ನು ಹೊರಗೆಳೆದದ್ದು, ಸತ್ತಿದೆ ಎಂದುಕೊಂಡ ಕರುವಿನ ಒದ್ದೆ ಕಿವಿ ಒಮ್ಮೆ ಅಲುಗಿದ್ದು. ಆ ಕೈ ನನ್ನದಾಗಬೇಕೆಂದು ಎಷ್ಟು ವರ್ಷ ಆಸೆಪಟ್ಟೆ! ನನಗೂ ಇಂಥದೇ ಕರೆ ಬಂದಿತ್ತು. “ಹೆಣ್ಣುಮಗಳು ಯಾರ್‍ಯಾರ ಕೊಟ್ಟಿಗಿ ತಿರಗ್ತಿ?” ಎಂದು ಅಪ್ಪ ಕಾಗದವನ್ನು ಮಡಿಚಿಟ್ಟರು. ನಾನು ಬಿ.ಕಾಂ. ಸೇರಿದೆ.

ಸಾನಿಕಾ ನನ್ನ ಮೂಗಿನ ತುದಿಯ ಕನ್ನಡಕವನ್ನು ಮೇಲಕ್ಕೆ ಸರಿಸಿ, “ಮಮ್ಮಿ, ನಿಂಗೆ ಸೀಟ್ ಕೊಟ್ಬಿಡ್ತಿದ್ರು,” ಎಂದಳು.

“ನಿನಗೂ ಕೊಡ್ತಾರ. ಹೋಗಿ ಬಾ,” ಎಂದೆ. ಅಭ್ಯರ್ಥಿಯ ಮುಂದೆ ಪರೀಕ್ಷಕರು ಮೂಗು ಒರೆಸಿಕೊಳ್ಳುವುದು ಸರಿಯಲ್ಲವೆಂದು, ಕುಕ್ಕರ್ ಆರಿಸಿ ಬರುತ್ತೇನೆಂದು ಅಡುಗೆಮನೆಗೆ ಎದ್ದು ಹೋದೆ. ಅಕ್ಕಿಯನ್ನೇ ಇನ್ನೂ ತೊಳೆದಿರಲಿಲ್ಲ.