ಕುಂಕುಮದ ಡಬ್ಬಿಯಲ್ಲಿ ಊರು ಸುತ್ತಿದ ಜೋಗುಳ

ಜೋಪಾನವಾಗಿ ಎತ್ತಿಟ್ಟ ವಸ್ತುವೇ ನಮ್ಮ ಮನೆಯಲ್ಲಿ ಕಳೆಯುವುದು. ಬಾಗಿಲ ಹೊರಗೆ ಬಿಟ್ಟ ನನ್ನ ಹಳೆಯ ಚಪ್ಪಲಿ ಎಷ್ಟೋ ವರ್ಷದಿಂದ ಅಲ್ಲೇ ಇದೆ. ಭದ್ರವಾಗಿರಲಿ ಎಂದು ನಾನು ಒಳಗಿಟ್ಟದ್ದು ಮಾತ್ರ ಎರಡನೆಯ ಸಲ ಕಣ್ಣಿಗೆ ಬೀಳುವುದಿಲ್ಲ. ನಾನು ಬೀದರಿನ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಎಲ್ಲದಕ್ಕೂ ಒಂದು ಪದ್ಧತಿ ಬೇಕು ಎನ್ನುವವನು. ಆ ಪದ್ಧತಿಯ ದೆಸೆಯಿಂದಲೇ ಈ ವರ್ಷ ಭಾಲ್ಕಿ, ಔರಾದ್ ಎರಡೂ ತಾಲೂಕು ಸುತ್ತಿ ಬಂದೆ.

೧. ಖಾಲಿ ಜಾಗಕ್ಕೂ ಕಿಮ್ಮತ್ತು

ನಮ್ಮ ಅತ್ತೆಯವರದು ಜೋಗುಳಕ್ಕೆ ಹೇಳಿ ಮಾಡಿಸಿದ ದನಿ. ನಮ್ಮ ಮಕ್ಕಳೆಲ್ಲ ಆ ದನಿ ಕೇಳಿಯೇ ಮಲಗಿದವರು. ಅವರು ತೀರಿಕೊಳ್ಳುವ ಹಿಂದಿನ ವರ್ಷ ನನ್ನ ಹೆಂಡತಿ ಅವರನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದೇ ಹಾಡು ಹೇಳಿಸಿ ಮೊಬೈಲಿನಲ್ಲಿ ತುಂಬಿಕೊಂಡಿದ್ದಳು. "ಒಮ್ಮೆ ಕೇಳ್ರಿ" ಎಂದಾಗಲೆಲ್ಲ ನಾನು "ಆಮ್ಯಾಲ ಕೇಳ್ತೇನಿ" ಎನ್ನುತ್ತಿದ್ದೆ.

ಅತ್ತೆ ಹೋದರು. ಮೊಬೈಲಿಗೂ ವಯಸ್ಸಾಗಿ, ಮಾತಾಡುತ್ತಿರುವಾಗಲೇ ಆರಿಹೋಗತೊಡಗಿತು. ಹಾಡನ್ನು ಪೆನ್‌ಡ್ರೈವಿಗೆ ಹಾಕಿಸಲು ಪೇಟೆಗೆ ಹೋದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ.

"ಇದು ಮೂವತ್ತೆರಡು ಜಿಬಿ, ಇದು ಅರವತ್ನಾಕು, ಮಾಸ್ಟರ್ ಸಾಬ್" ಎಂದು ಎರಡನ್ನು ಮುಂದಿಟ್ಟ. ನಾನು ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದೆ.

"ಎರಡೂ ಒಂದೇ ತೂಕ ಅದಾವಲ್ಲೋ. ಇದರಾಗ ಏನು ಜಾಸ್ತಿ ಅದ?"

"ಜಾಗಾ ಜಾಸ್ತಿ ಅದ ಸಾಬ್."

"ಜಾಗಾ ಅಂದ್ರ ಖಾಲಿ ಅಲ್ಲೇನು? ಖಾಲಿಗಿ ಯಾಕ ರೊಕ್ಕಾ ಕೊಡ್ಲಿ?"

"ಸೊನ್ನಿಗೂ ಕಿಮ್ಮತ್ತು ಅದ ಅಂತ ಸಾಲ್ಯಾಗ ನೀವೇ ಹೇಳ್ತಿದ್ರಿ ಸಾಬ್" ಎಂದ. ದೊಡ್ಡದನ್ನೇ ತೆಗೆದುಕೊಂಡೆ.

ಹಾಡು ತುಂಬಿ ಕೊಡುವಾಗ ಅವನು, "ಫಿಕರ್ ನಕ್ಕೋ ಕರೋ, ಚಿಂತಿ ಮಾಡಬ್ಯಾಡ್ರಿ, ಆದ್ರ ಮನಿಯಾಗ ಇನ್ನೊಂದು ಕಾಪಿ ಮಾಡಿ ಇಡ್ರಿ" ಎಂದ. ಕಾಪಿ ಹೊಡೆದವರನ್ನು ಜೀವಮಾನವಿಡೀ ಬೆಂಚಿನ ಮೇಲೆ ನಿಲ್ಲಿಸಿದ ನನಗೇ ಈ ಬುದ್ಧಿವಾದ. ಹಾಗೆ ನಿಂತವರಲ್ಲಿ ಇವನೂ ಒಬ್ಬ.

೨. ಕಳ್ಳನಿಗೂ ಹೊಳೆಯದ ಜಾಗ

ಇಷ್ಟು ಸಣ್ಣ ವಸ್ತುವನ್ನು ಎಲ್ಲಿಡುವುದು? ಕಪಾಟು ಎಂದರೆ ಕಳ್ಳರು ಮೊದಲು ನೋಡುವ ಜಾಗ. ನನಗೆ ನೆನಪಾದದ್ದು ಆಯೇರಿಯ ಟ್ರಂಕು. ಮದುವೆ ಮುಂಜಿಗಳಲ್ಲಿ ನಮಗೆ ಉಡುಗೊರೆಯಾಗಿ ಬಂದ ರವಿಕೆಯ ಖಣ, ಬಟ್ಟಲು, ಗೋಡೆ ಗಡಿಯಾರ ಎಲ್ಲ ಅದರಲ್ಲಿ ಇರುತ್ತವೆ. ಅವು ಯಾರೂ ಬಳಸುವುದಕ್ಕಲ್ಲ, ಒಂದು ಮನೆಯಿಂದ ಬಂದದ್ದನ್ನು ಇನ್ನೊಂದು ಮನೆಗೆ ಮುಟ್ಟಿಸುವುದಕ್ಕೆ. ನಮ್ಮ ಕಡೆ ಒಂದೇ ಖಣ ನಾಲ್ಕು ಊರು ನೋಡಿರುತ್ತದೆ, ಮೈಮೇಲೆ ಮಾತ್ರ ಏರಿರುವುದಿಲ್ಲ.

ಅದರಲ್ಲಿದ್ದ ಬೆಳ್ಳಿ ಬಣ್ಣದ ಕುಂಕುಮದ ಡಬ್ಬಿಯೊಂದರ ಬಣ್ಣದ ಕಾಗದ ಬಿಚ್ಚಿ, ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಒಳಗಿಟ್ಟೆ. ಮತ್ತೆ ಅದೇ ಕಾಗದ ಸುತ್ತಿ ಇದ್ದಲ್ಲೇ ಇಟ್ಟೆ. ಗುಟ್ಟು ಇಬ್ಬರಿಗೆ ಗೊತ್ತಾದರೆ ಗುಟ್ಟಲ್ಲ ಎಂದು ಹೆಂಡತಿಗೂ ಹೇಳಲಿಲ್ಲ. ಟ್ರಂಕಿನ ಕೀಲಿ ಅವಳ ಸೊಂಟದಲ್ಲೇ ಇರುತ್ತದೆ ಎಂಬುದು ಮಾತ್ರ ಲೆಕ್ಕದಲ್ಲಿ ಬಿಟ್ಟುಹೋಯಿತು.

ಮುಂದೆ ಮಗಳು ಹೆರಿಗೆಗೆ ಬಂದಳು, ಹೆಣ್ಣು ಮಗು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಹೆಂಡತಿ ಹೇಳಿದಳು: "ಅವ್ವ ಅಂತೂ ಇಲ್ಲ. ಅವ್ವನ ದನಿಯಾದ್ರೂ ಈ ಕೂಸಿನ ಕಿವಿಗಿ ಬೀಳಲಿ. ಆ ಪೆನ್‌ಡ್ರೈವ್ ಕೊಡ್ರಿ." ಮೊಬೈಲು ಅಷ್ಟೊತ್ತಿಗೆ ಪೂರ್ತಿ ಸತ್ತಿತ್ತು.

ನಾನು ಗತ್ತಿನಿಂದ ಟ್ರಂಕು ತೆಗೆಸಿದೆ. ಖಣ ಇದ್ದವು, ಗಡಿಯಾರ ಇತ್ತು, ಡಬ್ಬಿ ಇರಲಿಲ್ಲ.

"ಇದರಾಗ ಒಂದು ಕುಂಕುಮದ ಡಬ್ಬಿ ಇತ್ತಲ್ಲ?"

"ಸಾಯಗಾಂವದ ಮದವಿಗಿ ಆಯೇರಿ ಮಾಡಿದ್ವಲ್ಲ. ನೀವೇ ಕೊಟ್ರಿ, ಕೊಡೂ ಮುಂದ ಫೋಟೋಕ್ಕ ನಿಂತ್ರಿ."

ಒಳಗೆ ಏನಿತ್ತು ಎಂದು ಹೇಳಿದೆ. ಅವಳು ಬೈಯಲಿಲ್ಲ. ಟ್ರಂಕು ಮುಚ್ಚಿ ಅದರ ಮೇಲೆ ಕುಳಿತುಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ, "ತೊಟ್ಟಿಲಿಗಿ ಇನ್ನ ಆರು ದಿನ ಅದ. ಅದು ಸಿಗೂತನಕ ನೀವು ಭದ್ರ ಮಾಡೂದೆಲ್ಲ ಬಂದ್ ಮಾಡ್ರಿ" ಎಂದಳು.

೩. ನಾಲ್ಕು ಚಮಚ

ಮರುದಿನ ಬೆಳಗ್ಗೆಯೇ ಭಾಲ್ಕಿಯ ಬಸ್ಸು ಹಿಡಿದು, ಅಲ್ಲಿಂದ ಸಾಯಗಾಂವಕ್ಕೆ ಹೋದೆ. ಮದುವೆಯಾದ ಹುಡುಗನ ತಾಯಿ ಬಾಗಿಲಲ್ಲೇ ಇದ್ದರು.

"ಹೌದ್ರಿ ಮಾಸ್ತರ್, ಡಬ್ಬಿ ಒಳಗ ಸಿಕ್ತು. ಈಗಿನ ಕಾಲದ ಆಯೇರಿ ಹಿಂಗೇ ಇರ್ತದೇನೋ ಅಂತ ಟಿವಿಗಿ ಹಚ್ಚಿ ಕೇಳಿದ್ವಿ. ಏನು ದನಿ ರಿ ಅದು."

"ನಮ್ಮ ಅತ್ತಿಯವರದು ರಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೆರಗು ಬಾಯಿಗೆ ಅಡ್ಡ ಹಿಡಿದರು. "ಹಂಗಾದ್ರ ಆ ಅಳಿಯಾರು ನೀವೇ ಏನ್ರಿ?" ಎಂದು ಕೇಳಿ ಒಳಗೆ ಹೋಗಿ ಚಹಾ ತಂದರು. ಒಂದು ಗುಟುಕು ಕುಡಿದೆ, ತುಟಿಗೆ ತುಟಿ ಅಂಟಿತು.

"ನಾಕು ಚಮಚ ಹಾಕೇನಿ ರಿ. ಕಮ್ಮಿ ಆಗಿದ್ರ ಬಾಯಿ ಬಿಟ್ಟು ಹೇಳ್ರಿ, ಸಿಟ್ಟಾಗಬ್ಯಾಡ್ರಿ."

ಕಬ್ಬಿನ ಸೀಮೆಯ ಜನ, ಸಕ್ಕರೆಗೇನು ಬರ ಎಂದುಕೊಂಡು ಕುಡಿದೆ. ಪೆನ್‌ಡ್ರೈವು ಅವರಲ್ಲಿ ಇರಲಿಲ್ಲ. ಔರಾದ್ ತಾಲೂಕಿನ ಚಿಂತಾಕಿಯಲ್ಲಿರುವ ತಂಗಿಯ ಮೊಮ್ಮಗ ಒಂದೇ ಸವನೆ ಅಳುತ್ತಾನೆಂದು ಅವಳಿಗೆ ಕೊಟ್ಟುಬಿಟ್ಟಿದ್ದರು. ತೊಟ್ಟಿಲಿಗೆ ಕರೆದು ಹೊರಟೆ. ಗೇಟು ದಾಟುವಾಗ ಒಳಗೆ ಮನೆಮಂದಿಯೆಲ್ಲ ನಕ್ಕದ್ದು ಕೇಳಿಸಿತು. ಒಳ್ಳೆಯ ಹರ್ಷದ ಕುಟುಂಬ ಎಂದುಕೊಂಡೆ.

೪. ಎಣಿಕೆ ನಿಮಗೇ ಬಿಟ್ಟದ್ದು

ಚಿಂತಾಕಿಯ ಮನೆಯಲ್ಲಿ ನಾನು "ನಮಸ್ಕಾರ" ಎನ್ನುವಷ್ಟರಲ್ಲಿ ಯಜಮಾನರು ತುಟಿಯ ಮೇಲೆ ಬೆರಳಿಟ್ಟರು. ಕೂಸು ಆಗಷ್ಟೇ ಮಲಗಿತ್ತು. ನಾನು ಪಿಸುಮಾತಿನಲ್ಲಿ ಬಂದ ಕೆಲಸ ಹೇಳಿದೆ, ಅವರೂ ಪಿಸುಮಾತಿನಲ್ಲೇ ಉತ್ತರ ಕೊಟ್ಟರು.

"ಮಾಸ್ತರ್, ಈ ಕೂಸು ಆ ಹಾಡಿಗೇ ಮಲಗ್ತದ. ಅದನ್ನ ಒಯ್ಯೂದಾದ್ರ ಕೂಸನ್ನೂ ನೀವೇ ಒಯ್ಯಬೇಕಾಗ್ತದ ನೋಡ್ರಿ."

ಒಂದು ಕಡೆ ಟ್ರಂಕಿನ ಮೇಲೆ ಕುಳಿತ ಹೆಂಡತಿ, ಇನ್ನೊಂದು ಕಡೆ ಬಾಯಲ್ಲಿ ಬೆರಳಿಟ್ಟು ಮಲಗಿದ ಈ ಕೂಸು. ಅಷ್ಟರಲ್ಲಿ ಆ ಮನೆಯ ಸೊಸೆ ಬಂದು, "ಅದಕ್ಯಾಕ ಜಗಳ ರಿ, ಕಾಪಿ ಮಾಡ್ಕೋತೇನಿ" ಎಂದಳು. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎರಡು ನಿಮಿಷದಲ್ಲಿ ಪೆನ್‌ಡ್ರೈವನ್ನು ನನ್ನ ಕೈಗಿಟ್ಟಳು. ನನ್ನ ಕಣ್ಣೆದುರೇ ಕಾಪಿ ಹೊಡೆದವರಿಗೆ ನಾನು ಕೈ ಮುಗಿದದ್ದು ಅದೇ ಮೊದಲು.

ಊಟ ಮಾಡದೆ ಬಿಡಲಿಲ್ಲ. ತಟ್ಟೆಗೆ ಹೋಳಿಗೆ ಬಂತು. "ಹೊಟ್ಟಿ ತುಂಬ ಉಣ್ರಿ ಮಾಸ್ತರ್. ಎಣಿಕಿ ನಿಮಗೇ ಬಿಟ್ಟೇವಿ" ಎಂದರು ಯಜಮಾನರು. ಸೊಸೆ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಉಂಡ ಮನೆಯಲ್ಲಿ ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ನಕ್ಕೆ, ಅವರನ್ನೂ ತೊಟ್ಟಿಲಿಗೆ ಕರೆದೆ.

೫. ತೊಟ್ಟಿಲು

ತೊಟ್ಟಿಲಿನ ದಿನ ಮನೆ ತುಂಬ ಜನ. ಸಾಯಗಾಂವದವರೂ ಚಿಂತಾಕಿಯವರೂ ಬಂದಿದ್ದರು. ಸಾಯಗಾಂವದ ತಾಯಿ ನನ್ನ ಹೆಂಡತಿಯ ಕೈಗೆ ಆಯೇರಿ ಕೊಟ್ಟರು. ನೋಡಿದರೆ ಅದೇ ಕುಂಕುಮದ ಡಬ್ಬಿ, ಅದೇ ಬಣ್ಣದ ಕಾಗದ. ಇವಳು "ಇದೆಲ್ಲಾ ಯಾಕ ತರ್ಲಿಕ್ಕಿ ಹೋದ್ರಿ" ಎನ್ನುತ್ತ ಸೀದಾ ಟ್ರಂಕಿಗೆ ಹಾಕಿದಳು.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಪೆನ್‌ಡ್ರೈವನ್ನು ಸ್ಪೀಕರಿಗೆ ನಾನೇ ಸಿಕ್ಕಿಸಿದೆ. ಅತ್ತೆಯ ದನಿ ಬಂತು. ಹೆಂಡತಿ ತೊಟ್ಟಿಲ ಹಗ್ಗ ಹಿಡಿದು ಅಳುತ್ತಿದ್ದಳು, ನನ್ನ ಕಣ್ಣೂ ಒದ್ದೆಯಾಯಿತು. ಬದುಕಿದ್ದಾಗ ಎದುರಿಗೆ ಕುಳಿತು ಒಂದು ಹಾಡು ಕೇಳಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಎರಡನೆಯ ಹಾಡಿನ ನಡುವೆ ಅತ್ತೆ ನಿಲ್ಲಿಸಿದರು. ಸ್ಪೀಕರಿನಿಂದ ಮಾತು ಬಂತು.

"ಹಾಡು ಇರಲಿ ತಾಯಿ, ನಿನ್ನ ಗಂಡಗ ಚಹಾ ಕೊಟ್ಟಿ ಇಲ್ಲ? ನಾಕು ಚಮಚ ಸಕ್ಕರಿ ಹಾಕ. ಕಮ್ಮಿ ಆದ್ರ ಬಾಯಿ ಬಿಟ್ಟು ಹೇಳಂಗಿಲ್ಲ, ಮಾರಿ ಉಬ್ಬಿಸ್ಕೊಂಡು ಎರಡು ದಿನ ಪೇಪರ್ ಹಿಂದ ಕೂಡ್ತಾರ. ಲೆಕ್ಕದ ಮಾಸ್ತರ್ ಅಂತ ಅವರು. ನಿನ್ನಿ ಹನ್ನೊಂದು ಹೋಳಿಗಿ ಉಂಡು, 'ನಾಕೇ ಉಂಡೇನಿ ಅತ್ತಿ' ಅಂದ್ರು. ಪಾಪ, ಲಟ್ಟಿಸಿದಾಕಿ ನಾ, ನನಗ ಗೊತ್ತಿಲ್ಲೇನು? ಇರಲಿ, ಉಣ್ಣಲಿ, ಮನಸಿಲಿ ಬಂಗಾರದಂಥಾವ್ರು."

ಮತ್ತೆ ಹಾಡು ಶುರುವಾಯಿತು, ಆದರೆ ಯಾರಿಗೂ ಕೇಳಿಸಲಿಲ್ಲ. ಚಿಂತಾಕಿಯ ಯಜಮಾನರು ಗೋಡೆ ಹಿಡಿದು ನಗುತ್ತಿದ್ದರು. ಮಗಳ ಮನೆಯ ಬೀಗರು ಪೇಟಾ ತೆಗೆದು ಕಣ್ಣೊರೆಸಿಕೊಂಡರು. ಆ ಗದ್ದಲದಲ್ಲೂ ಕೂಸು ಮಾತ್ರ ನಿದ್ದೆ ಹೋಗಿತ್ತು.

ನಾನು ಹೆಂಡತಿಯ ಪಕ್ಕಕ್ಕೆ ಸರಿದು ಕೇಳಿದೆ: "ಇದರಾಗ ಇಷ್ಟೆಲ್ಲಾ ಅದ ಅಂತ ನಿನಗ ಗೊತ್ತಿತ್ತಲ್ಲ. ಮೊದಲೇ ಯಾಕ ಹೇಳ್ಲಿಲ್ಲ?"

ಅವಳು ಅಳುತ್ತಲೇ ನಗುತ್ತಿದ್ದಳು. ತೊಟ್ಟಿಲು ತೂಗುವುದನ್ನು ಬಿಡದೆ ಹೇಳಿದಳು: "ಹೇಳಿದ್ರ ಹುಡುಕ್ಲಿಕ್ಕಿ ಹೋಗ್ತಿದ್ರೇನು ನೀವು?"