ಬೀಳ್ಕೊಟ್ಟ ಮೇಲೆ ಸಿಕ್ಕ ಸೀಟು

ನಟರಾಜನ ಸಂಕಟಕ್ಕೆಲ್ಲ ಮೂಲ ಅವನು ಅವಸರದಲ್ಲಿ ಹಂಚಿದ ಮೈಸೂರುಪಾಕು.

ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಒಂದು ಯೂನಿವರ್ಸಿಟಿ ಅವನ ಮಗ ಅಭಿಷೇಕನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಕೊಡುತ್ತೇವೆ ಎಂದು ಬರೆದಿತ್ತು. ಆಗಸ್ಟಿನ ಫಲಿತಾಂಶದಲ್ಲಿ ಇಂತಿಂಥ ಗ್ರೇಡು ಬಂದರೆ ಮಾತ್ರ ಎಂದೂ ಬರೆದಿತ್ತು. ನಟರಾಜ ಮೊದಲ ವಾಕ್ಯ ಓದಿದ. ಎರಡನೆಯದನ್ನು ಓದುವಷ್ಟು ಹೊತ್ತು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಹೆಂಡತಿ ಭಾನುಮತಿ ಕೈ ನೋಯುವಷ್ಟು ಕೆದಕಿ ಮಾಡಿದ ಮೈಸೂರುಪಾಕನ್ನು ಜಪಾನಿನ ಕಾವಾಸಾಕಿಯ ತಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮನೆಗೂ ಕೊಟ್ಟು, "ಮಗ ಇಂಗ್ಲೆಂಡಿಗೆ ಹೋಗ್ತಾನೆ" ಎಂದು ಸಾರಿ ಬಂದ.

ನಮ್ಮ ಕಡೆಯಾದರೆ ಜನ ಸಿಹಿ ತಿಂದು ಮರೆಯುತ್ತಾರೆ. ಜಪಾನಿನವರು ಮರೆಯುವ ಪೈಕಿ ಅಲ್ಲ. ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ ಓಕುಬೊ-ಸಾನ್, ಎಪ್ಪತ್ತು ದಾಟಿದ ಅಜ್ಜಿ, ಜುಲೈ ಕೊನೆಯ ಭಾನುವಾರ ಅಭಿಷೇಕನಿಗೊಂದು ಬೀಳ್ಕೊಡುಗೆ ಕೂಟವನ್ನೇ ಏರ್ಪಡಿಸಿದರು. ಸ್ವತಃ ಹೆಣೆದ ಉಣ್ಣೆ ಮಫ್ಲರನ್ನು ಆ ಕುದಿಯುವ ಸೆಕೆಯಲ್ಲಿ ಹುಡುಗನ ಕೊರಳಿಗೆ ಸುತ್ತಿ ಫೋಟೋ ತೆಗೆಸಿದರು. ಎಲ್ಲ ಮನೆಯವರೂ ಒಂದು ಬಿಳಿ ರಟ್ಟಿನ ಮೇಲೆ ಶುಭಾಶಯ ಬರೆದುಕೊಟ್ಟರು. ಅದೀಗ ನಟರಾಜನ ನಡುಮನೆಯಲ್ಲಿ ದೇವರ ಪಟದ ಪಕ್ಕ ತೂಗುತ್ತಿತ್ತು. ಆಫೀಸಿನವರು ಕೊಟ್ಟ ಸೂಟ್‌ಕೇಸು ಎಷ್ಟು ದೊಡ್ಡದೆಂದರೆ ಅದರೊಳಗೆ ಭಾನುಮತಿ ಚಳಿಗಾಲದ ಹಾಸಿಗೆಗಳನ್ನೆಲ್ಲ ತುಂಬಿಟ್ಟಿದ್ದಳು. ಕೊನೆಗೆ ಎಲ್ಲರೂ ಕೈ ಮೇಲೆತ್ತಿ ಮೂರು ಸಲ "ಬಾನ್‌ಝಾಯ್" ಎಂದು ಜಯಕಾರ ಕೂಗಿದ್ದರು.

ಅಷ್ಟೆಲ್ಲ ಆದ ಮೇಲೆ ಮನುಷ್ಯ ಹೊರಡಲೇಬೇಕು. ಬೀಳ್ಕೊಡಿಸಿಕೊಂಡವನು ಮತ್ತೆ ಮೆಟ್ಟಿಲ ಮೇಲೆ ಎದುರಾದರೆ ಬೀಳ್ಕೊಟ್ಟವರಿಗೇ ಮುಜುಗರ.

ಫಲಿತಾಂಶ ಬಂದದ್ದು ಓಬೊನ್ ಹಬ್ಬದ ರಜೆಯ ವಾರದಲ್ಲಿ. ಅಭಿಷೇಕ ಬೆಳಿಗ್ಗೆ ಶಾಲೆಯಿಂದ ಫೋನ್ ಮಾಡಿದ.

"ಅಪ್ಪಾ, ಐ ಗಾಟ್ ಬಿ, ಸಿ, ಡಿ."

"ಎ ಎಲ್ಲೋ?"

"ಎ ಇಲ್ಲ."

ನಟರಾಜ ಫೋನ್ ಹಿಡಿದುಕೊಂಡೇ ಕುಳಿತುಬಿಟ್ಟ. ಅವನದು ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ಕಾಲದ ತಲೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆ ತಾರೀಖು ಮರೆತುಹೋಗುತ್ತದೆಂದು ಕಂಪನಿ ಹತ್ತು ವರ್ಷ ಮುಂಚೆಯೇ ಅವನನ್ನು ಮೈಸೂರಿನಿಂದ ಇಲ್ಲಿಗೆ ಕಳಿಸಿತ್ತು. ಹಿಂದಿನ ಡಿಸೆಂಬರ್ ಮೂವತ್ತೊಂದರಂದು ಇಡೀ ಆಫೀಸು ಪ್ರಳಯಕ್ಕೆ ಕಾದಿತ್ತು, ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಮನೆಯಲ್ಲಿ ಮಾತ್ರ ಎಲ್ಲವೂ ಆಗುತ್ತಿತ್ತು.

ಶಾಲೆಯ ಮೇಷ್ಟ್ರು ಸಮಾಧಾನ ಹೇಳಿದರು. ಮೊದಲ ಸೀಟು ಹೋಯಿತು, ನಿಜ. ಆದರೆ ಇಂಗ್ಲೆಂಡಿನಲ್ಲಿ 'ಕ್ಲಿಯರಿಂಗ್' ಅಂತ ಒಂದು ಏರ್ಪಾಡಿದೆ. ತುಂಬದೆ ಉಳಿದ ಸೀಟುಗಳನ್ನು, ಸಂತೆ ಮುಗಿಯುವ ಹೊತ್ತಿಗೆ ಉಳಿದ ಸೊಪ್ಪು ಮಾರುವ ಹಾಗೆ, ಫೋನಿನಲ್ಲೇ ವಿಲೇವಾರಿ ಮಾಡುತ್ತಾರೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ಇಲ್ಲಿ ಸಂಜೆ ಐದಕ್ಕೆ, ಲೈನು ಶುರು. ಮೊದಲು ಸಿಕ್ಕವನಿಗೆ ಸೀಟು. ಒಂದೇ ನಿಯಮ: ಹುಡುಗನೇ ಮಾತಾಡಬೇಕು, ಅಪ್ಪ ಅಮ್ಮ ಮಾತಾಡುವಂತಿಲ್ಲ.

"ಅವ್ನೇ ಮಾತಾಡ್ಬೇಕಂತೆ" ಎಂದ ನಟರಾಜ.

"ಅವ್ನು ಮಾತಾಡಿದ್ದು ನೀವು ಯಾವತ್ತಾದ್ರೂ ಕೇಳಿದ್ದೀರಾ?" ಎಂದಳು ಭಾನುಮತಿ.

ಸಂಜೆ ನಾಲ್ಕೂವರೆಗೆ ಮೇಲಿನ ಮನೆಯ ರಾಮಪ್ರಸಾದ ಇಳಿದು ಬಂದ. ಅವನು ಹಿಂದೊಮ್ಮೆ ಪ್ರಾಜೆಕ್ಟ್ ಮೇಲೆ ಒಂದೂವರೆ ತಿಂಗಳು ಇಂಗ್ಲೆಂಡಿನಲ್ಲಿದ್ದವನು. ಅಂದಿನಿಂದ ಆ ದೇಶದ ವಿಷಯ ಏನೇ ಬಂದರೂ ರಾಣಿಯ ನಂತರ ಅವನೇ.

"ನೋಡಿ ನಟರಾಜ್, ಒಂದು ಪ್ರಾಬ್ಲಂ ಇದೆ. ಖಾಲಿ ಸೀಟಿನ ಲಿಸ್ಟು ಇಂಟರ್ನೆಟ್‌ನಲ್ಲಿರತ್ತೆ. ಇಂಟರ್ನೆಟ್ ಹಾಕಿದ್ರೆ ಫೋನ್ ಎಂಗೇಜ್. ಫೋನ್ ಮಾಡಿದ್ರೆ ಇಂಟರ್ನೆಟ್ ಕಟ್. ಅದಕ್ಕೆ ಅನಸೂಯಾ ಮೇಲೆ ನಮ್ಮ ಲೈನಲ್ಲಿ ನೋಡಿ ಹೇಳ್ತಾಳೆ, ನೀವು ಕೆಳಗೆ ನಿಮ್ಮ ಲೈನಲ್ಲಿ ಫೋನ್ ಮಾಡಿ."

ಹೇಳ್ತಾಳೆ ಅಂದರೆ ಬಾಲ್ಕನಿಯಿಂದ ಕೂಗುತ್ತಾಳೆ ಎಂದು ನಟರಾಜನಿಗೆ ಹೊಳೆದದ್ದು ಐದು ಗಂಟೆಗೆ.

"ಭಾನೂ! ಬರ್ಕೊಳ್ಳಿ! ಕಂಪ್ಯೂಟರ್ ಸೈನ್ಸ್ ಎರಡು ಕಡೆ ಇದೆ!" ಎಂದು ರಾಮಪ್ರಸಾದನ ಹೆಂಡತಿ ಅನಸೂಯಾ ಮೇಲಿನಿಂದ ನಂಬರು ಕೂಗತೊಡಗಿದಳು. ಓಬೊನ್ ರಜೆಗೆಂದು ಮನೆಯಲ್ಲೇ ಇದ್ದ ಜಪಾನೀಯರು ಒಬ್ಬೊಬ್ಬರಾಗಿ ಬಾಲ್ಕನಿಗೆ ಬಂದು, ಏನೋ ಹಬ್ಬದ ಮಂತ್ರವಿರಬೇಕೆಂದು ಗೌರವದಿಂದ ನಿಂತು ಕೇಳಿದರು.

ಮೊದಲ ಯೂನಿವರ್ಸಿಟಿಯ ಲೈನು ಸಿಕ್ಕಿತು. ನಟರಾಜ ಸ್ಪೀಕರ್ ಒತ್ತಿ ಮಗನನ್ನು ಫೋನಿನ ಮುಂದೆ ಕೂರಿಸಿದ.

"ಇಂಗ್ಲಿಷರ ಹತ್ರ ಮೊದ್ಲು ವೆದರ್ ಬಗ್ಗೆ ಮಾತಾಡ್ಬೇಕು" ಎಂದು ಪಿಸುಗುಟ್ಟಿದ ರಾಮಪ್ರಸಾದ.

"ಇಟ್ಸ್ ವೆರಿ ಹಾಟ್ ಹಿಯರ್" ಎಂದ ಅಭಿಷೇಕ ವಿಧೇಯನಾಗಿ.

"ನಿಮ್ಮ ಹೆಸರು?" ಎಂದಳು ಆ ಕಡೆಯ ಹೆಂಗಸು. ಹೆಸರಾಯಿತು, ಗ್ರೇಡುಗಳಾದವು. "ಕಂಪ್ಯೂಟರ್ ಸೈನ್ಸ್ ಯಾಕೆ ಓದಬೇಕು ಅಂತಿದ್ದೀರಿ?"

ಅಭಿಷೇಕ ದೀರ್ಘವಾಗಿ ಆಲೋಚಿಸಿದ. "ಎತ್ತೋ..." ಎಂದು ಜಪಾನೀಯರ ಹಾಗೆ ರಾಗ ಎಳೆದು, "ಮೈ ಡ್ಯಾಡ್ ವಾಂಟ್ಸ್" ಎಂದ.

ಆ ಕಡೆ ಲೈನು ಬಹಳ ಸೌಜನ್ಯದಿಂದ ಕಡಿಯಿತು.

"ಸತ್ಯ ಹೇಳೋಕೆ ಇದೇ ಸಮಯ ಸಿಕ್ತೇನೋ ನಿಂಗೆ?" ಎಂದು ನಟರಾಜ ಹಲ್ಲು ಕಡಿದ. ಅವನ ಕಣ್ಣು ಗೋಡೆಯ ಮೇಲಿನ ಬಿಳಿ ರಟ್ಟಿನ ಕಡೆ ಹೋಯಿತು. ಇಪ್ಪತ್ತೆರಡು ಮನೆಯವರ ಶುಭಾಶಯಗಳು ಅವನನ್ನೇ ದಿಟ್ಟಿಸುತ್ತಿದ್ದವು.

ಎರಡನೆಯದು ಎಲ್ಡನ್‌ಫೋರ್ಡ್ ಯೂನಿವರ್ಸಿಟಿ. ಅಲ್ಲಿ ಫೋನ್ ಎತ್ತುವ ಬದಲು ಸಂಗೀತ ಹಾಕಿದರು. ಪಿಟೀಲು ಕುಯ್ಯುತ್ತಲೇ ಇತ್ತು. ಅರ್ಧ ಗಂಟೆ ಕಳೆದ ಮೇಲೆ ಅಭಿಷೇಕ "ಟೂ ಹಾಟ್, ಕೊಂಬಿನಿಗೆ ಹೋಗಿ ಐಸ್‌ಕ್ರೀಂ ತರ್ತೀನಿ" ಎಂದು ಬೀದಿ ಮೂಲೆಯ ಅಂಗಡಿಗೆ ಎದ್ದು ಹೊರಟ. ಯಾರೂ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಅವನ ಹಿಂದೆ ಬಾಗಿಲು ಮುಚ್ಚಿಕೊಂಡದ್ದೂ ಪಿಟೀಲು ನಿಂತದ್ದೂ ಒಟ್ಟಿಗೇ ಆಯಿತು.

"ಹಲೋ, ಎಲ್ಡನ್‌ಫೋರ್ಡ್ ಕ್ಲಿಯರಿಂಗ್. ಅಭ್ಯರ್ಥಿ ಮಾತಾಡ್ತಿರೋದಾ?"

ಕೋಣೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಈಗ ಇಟ್ಟರೆ ಮತ್ತೆ ಈ ಲೈನು ಸಿಕ್ಕುವುದು ಸುಳ್ಳು. ನಟರಾಜ ಗಂಟಲು ಸರಿಮಾಡಿಕೊಂಡು, ನಲವತ್ತೇಳು ವರ್ಷದ ದನಿಯನ್ನು ಸಾಧ್ಯವಾದಷ್ಟು ತೆಳ್ಳಗೆ ಮಾಡಿ, "ಅಭಿಷೇಕ್ ಸ್ಪೀಕಿಂಗ್" ಎಂದ. ಭಾನುಮತಿ ಹಣೆ ಚಚ್ಚಿಕೊಂಡಳು.

"ನಿಮ್ಮ ಅರ್ಜಿ ನೋಡ್ತಿದ್ದೀನಿ. ಕ್ಷಮಿಸಿ, ಕಂಪ್ಯೂಟರ್ ಸೈನ್ಸ್ ಈಗಷ್ಟೇ ತುಂಬಿತು" ಎಂದಳು ಆಕೆ. "ನೀವು ಜಪಾನಿನಿಂದ ಮಾತಾಡ್ತಿದ್ದೀರಿ ಅಲ್ವಾ? ನಮ್ಮ ಜಪಾನೀ ಭಾಷೆಯ ವಿಭಾಗದಲ್ಲಿ ಜಾಗ ಇದೆ. ಅದರ ಮುಖ್ಯಸ್ಥರಿಗೆ ಕೊಡಲಾ?"

ಜಪಾನಿನಲ್ಲಿ ಬೆಳೆದ ಹುಡುಗ ಜಪಾನೀ ಕಲಿಯಲು ಇಂಗ್ಲೆಂಡಿಗೆ ಹೋಗುವುದು! ಆದರೆ ನಟರಾಜನ ಕಣ್ಣ ಮುಂದೆ ಆ ಮಫ್ಲರ್ ಬಂದು ಹೋಯಿತು.

"ಯೂನಿವರ್ಸಿಟಿ ಇಂಗ್ಲೆಂಡಿನಲ್ಲೇ ಇದೆ ತಾನೇ?" ಎಂದು ಕೇಳಿದ.

"ಹೋದ ವಾರ ನೋಡಿದಾಗ ಇಲ್ಲೇ ಇತ್ತು" ಎಂದಳು ಆಕೆ.

"ಹಾಗಾದ್ರೆ ಕೊಡಿ."

ಲೈನಿಗೆ ಬಂದವರು ಡಾಕ್ಟರ್ ಹೋಲ್ಟ್. ಒಳ್ಳೆಯ ಮನುಷ್ಯ. ಪರೀಕ್ಷೆ ಮಾಡೋಣವೆಂದು ಒಮ್ಮೆಲೇ ಜಪಾನಿಯಲ್ಲಿ ಶುರುಮಾಡಿಬಿಟ್ಟರು.

ಜಪಾನೀ ದನಿ ಫೋನಿನಲ್ಲಿ ಕೇಳಿದ್ದೇ ತಡ, ನಟರಾಜನ ಮೈ ತಾನಾಗಿ ಎದ್ದು ನಿಂತಿತು. ಅವನಿಗೆ ಬರುತ್ತಿದ್ದುದು ಒಂದೇ ಥರದ ಜಪಾನೀ: ಗ್ರಾಹಕರ ಫೋನಿಗೆ ಉತ್ತರಿಸಲು ಆಫೀಸಿನವರು ಬಾಯಿಪಾಠ ಮಾಡಿಸಿದ್ದ, ನಯವಿನಯವೆಲ್ಲ ಸುರಿಯುವ ಜಪಾನೀ. ಸೊಂಟ ಬಗ್ಗಿಸಿ, "ಸದಾ ನಿಮ್ಮ ಕೃಪೆಯಲ್ಲಿದ್ದೇವೆ" ಎಂದು ಆರಂಭಿಸಿದ.

"ನಾವು ಇವತ್ತೇ ಮೊದಲು ಮಾತಾಡ್ತಿರೋದು" ಎಂದರು ಹೋಲ್ಟ್. "ನಿಮ್ಮ ಗ್ರೇಡು ಯಾಕೆ ಕಡಿಮೆಯಾಯ್ತು?"

ಇಂಥ ಪ್ರಶ್ನೆಗೆ ನಟರಾಜ ಹತ್ತು ವರ್ಷದಿಂದ ಉತ್ತರ ಹೇಳುತ್ತ ಬಂದಿದ್ದ. "ಈ ಬಾರಿ ತಮಗೆ ಅಪಾರ ತೊಂದರೆ ಉಂಟುಮಾಡಿದ್ದಕ್ಕೆ ಹೃದಯದಾಳದಿಂದ ಕ್ಷಮೆ ಬೇಡುತ್ತೇನೆ. ಮೂಲ ಕಾರಣವನ್ನು ಸದ್ಯ ಪರಿಶೀಲಿಸಲಾಗುತ್ತಿದೆ. ಮತ್ತೆ ಹೀಗಾಗದಂತೆ ಎಲ್ಲರೂ ಒಂದಾಗಿ ಶ್ರಮಿಸುತ್ತೇವೆ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಫೋನಿಗೆ ತಲೆ ತಾಗುವಷ್ಟು ಬಗ್ಗಿದ.

ಆಗಲೇ ಓಕುಬೊ-ಸಾನ್ ಮನೆಯಿಂದ ಮನೆಗೆ ದಾಟಿಸುವ ಸಂಘದ ಸುತ್ತೋಲೆಯ ಹಲಗೆ ಹಿಡಿದು ಬಾಗಿಲು ತೆರೆದರು. ಯಾರೋ ಅಷ್ಟು ತಗ್ಗಿ ನಮಸ್ಕರಿಸುತ್ತಿರುವುದನ್ನು ಕಂಡು, ಕಾರಣ ಕೇಳದೆ ತಾವೂ ಬಗ್ಗಿದರು. ಅವರನ್ನು ನೋಡಿ ರಾಮಪ್ರಸಾದನೂ ಬಗ್ಗಿದ.

ಫೋನಿನ ಆ ಕಡೆ ಹೋಲ್ಟ್ ಗದ್ಗದಿತರಾಗಿ ಇಂಗ್ಲಿಷಿಗೆ ಇಳಿದರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ಹದಿನೆಂಟರ ಹುಡುಗ ಹೀಗೆ ಮಾತಾಡೋದನ್ನ ಟೋಕಿಯೋದಲ್ಲೂ ಕೇಳಿಲ್ಲ. ಸೀಟು ನಿನ್ನದು. ಯಾವ ತರಗತಿಗೆ ಹಾಕೋದು ಅಂತ ಆಫೀಸಿನವರ ಹತ್ತಿರ ಮಾತಾಡಿ ಈಗಲೇ ಫೋನ್ ಮಾಡ್ತೀನಿ."

ನಟರಾಜ ಫೋನಿಟ್ಟು ಸೋಫಾದ ಮೇಲೆ ಕುಸಿದ. ತಿಂಗಳುಗಳ ಭಾರ ಇಳಿದಂತಾಗಿ ಅವನಿಗೆ ಅಳುವೇ ಬಂತು. ಭಾನುಮತಿ ದೇವರಿಗೆ ದೀಪ ಹಚ್ಚಿದಳು. ಓಕುಬೊ-ಸಾನ್ ಮತ್ತೊಮ್ಮೆ ಬಾನ್‌ಝಾಯ್ ಕೂಗಿಸಿದರು. ಮೇಲಿನ ಬಾಲ್ಕನಿಯಿಂದ ಅನಸೂಯಾ ದನಿಗೂಡಿಸಿದಳು.

ಐಸ್‌ಕ್ರೀಂ ಹಿಡಿದು ಬಂದ ಅಭಿಷೇಕನಿಗೆ ವಿಷಯ ತಿಳಿಸಿದರು.

"ಜಾಪನೀಸ್? ಇನ್ ಇಂಗ್ಲೆಂಡ್? ವೈ?"

"ವೈ ಗಿಯ್ ಎಲ್ಲ ಆಮೇಲೆ" ಎಂದ ನಟರಾಜ. "ನೀನು ಹೊರಡ್ತೀಯ. ಅಷ್ಟೇ."

ಹುಡುಗನ ಮುಖ ಸಪ್ಪಗಾಯಿತು. ಅವನ ಗೆಳೆಯರು, ಬೇಸ್‌ಬಾಲ್ ತಂಡ, ನದಿ ದಂಡೆಯ ಮೈದಾನ, ಎಲ್ಲ ಇಲ್ಲೇ ಇದ್ದವು. ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ಅವನೂ ಯಾರಿಗೂ ಹೇಳಿರಲಿಲ್ಲ.

ಫೋನ್ ಮತ್ತೆ ಬಂತು. ಈ ಸಲ ಅಭಿಷೇಕನೇ ಎತ್ತಿಕೊಂಡ. ತನ್ನ ಓರಗೆಯವರ ಗಲ್ಲಿ ಜಪಾನಿಯಲ್ಲಿ ಹೂಂಗುಟ್ಟಿದ. "ಮಾಜಿ?" ಎಂದ, ನಿಜವಾಗ್ಲೂ ಎನ್ನುವ ಹಾಗೆ. ಕಣ್ಣರಳಿಸಿದ. ಆಮೇಲೆ ರಿಸೀವರ್ ಮುಚ್ಚಿಕೊಂಡು ತಿರುಗಿದ.

"ಅಪ್ಪಾ, ನನ್ನ ವಾಯ್ಸ್ ಚೇಂಜ್ ಆಗಿದೆ ಅಂತಾರೆ. ಬಟ್ ದೊಡ್ಡವ್ರ ಥರಾನೂ ಚಿಕ್ಕವ್ರ ಥರಾನೂ ಮಾತಾಡ್ತೀಯ, ಜೀನಿಯಸ್ ಅಂತಾರೆ. ಫಸ್ಟ್ ಇಯರ್ ಬೇಡ್ವಂತೆ. ಸ್ಟ್ರೇಟ್ ಸೆಕೆಂಡ್ ಇಯರ್."

"ನೋಡ್ರೀ! ಒಂದು ವರ್ಷ ಉಳೀತು!" ಎಂದಳು ಭಾನುಮತಿ.

"ಸೆಕೆಂಡ್ ಇಯರ್‌ನಲ್ಲಿ ಎವ್ರಿಬಡಿ ಒಂದು ವರ್ಷ ಜಪಾನ್‌ಗೆ ಹೋಗ್ಬೇಕಂತೆ. ಪ್ರಾಕ್ಟೀಸ್‌ಗೆ." ಅಭಿಷೇಕ ನಗು ತಡೆದುಕೊಂಡ. "ಅವರ ಪಾರ್ಟ್ನರ್ ಕಾಲೇಜ್ ಯೋಕೋಹಾಮಾದಲ್ಲಿದೆ. ನಂಗೆ ಇಂಗ್ಲೆಂಡ್‌ಗೆ ಬರೋದೇ ಬೇಡ, ಇಲ್ಲಿಂದ್ಲೇ ಟ್ರೇನಲ್ಲಿ ಹೋಗು ಅಂತಾರೆ."

ನಟರಾಜ ಹಾರಿ ಬಂದು ಫೋನ್ ಕಸಿದುಕೊಂಡ. "ಡಾಕ್ಟರ್ ಹೋಲ್ಟ್! ನನಗೆ ಜಪಾನೀ ಅಷ್ಟು ಚೆನ್ನಾಗಿ ಬರಲ್ಲ! ದಯವಿಟ್ಟು ಮೊದಲನೇ ವರ್ಷಕ್ಕೇ ಹಾಕಿ, ಇಂಗ್ಲೆಂಡಿಗೇ ಕರೆಸಿಕೊಳ್ಳಿ!"

"ಆಹಾ, ಈ ವಿನಯ!" ಎಂದರು ಹೋಲ್ಟ್. "ಇದೇ ನೋಡು, ನಿಜವಾದ ಜಪಾನೀ ಸಂಸ್ಕಾರ. ನಿನ್ನನ್ನು ಮೊದಲನೇ ವರ್ಷದಲ್ಲಿ ಕೂರಿಸಿದ್ರೆ ಪಾಪ ಬರತ್ತೆ."

ಮಾತಾಡಿದ್ದು ಮಗ ಅಲ್ಲ, ನಾನು ಎಂದರೆ ಸೀಟೇ ಹೋಗುತ್ತದೆ. ಅನ್ನದಿದ್ದರೆ ಮಗ ಹೋಗುವುದಿಲ್ಲ. ನಟರಾಜ ಕೊನೆಗೆ "ಅರಿಗಾತೋ ಗೊಝಾಯ್‌ಮಾಸು" ಎಂದು ಧನ್ಯವಾದ ಹೇಳಿ, ಸೊಂಟ ಬಗ್ಗಿಸಿ ಫೋನಿಟ್ಟ.

ಅಭಿಷೇಕ ಅಷ್ಟರಲ್ಲಿ ಓಕುಬೊ-ಸಾನ್‌ಗೆ ಎಲ್ಲವನ್ನೂ ವಿವರಿಸಿಯಾಗಿತ್ತು. ಆಕೆ ಒಂದು ಕ್ಷಣ ಯೋಚಿಸಿದರು. ಬೀಳ್ಕೊಡಿಸಿಕೊಂಡವನು ಇಲ್ಲೇ ಇರುವಂತಿಲ್ಲ. ಆದರೆ ಇಂಗ್ಲೆಂಡಿನ ವಿದ್ಯಾರ್ಥಿಯೊಬ್ಬ ಜಪಾನಿಗೆ ಬಂದಿದ್ದಾನೆ ಎಂದರೆ ಅಡ್ಡಿಯೇನು?

"ಭಾನುವಾರ ಸ್ವಾಗತ ಕೂಟ ಇಟ್ಟುಕೊಳ್ಳೋಣ" ಎಂದು ಸುತ್ತೋಲೆಯ ಹಲಗೆಯ ಮೇಲೆ ಅಲ್ಲೇ ಬರೆದುಕೊಂಡರು. "ಆ ಮಫ್ಲರ್ ಹಾಕ್ಕೊಂಡು ಬರಲಿ."

ರಾಮಪ್ರಸಾದ ಮೆಲ್ಲಗೆ ನಟರಾಜನ ಕಿವಿಯಲ್ಲಿ ಹೇಳಿದ: "ಹೊರದೇಶದಿಂದ ಬಂದವ್ರು ಎಲ್ರಿಗೂ ಏನಾದ್ರೂ ತರ್ಬೇಕು. ಇಲ್ಲಿ ಅದು ಪದ್ಧತಿ. ಬರೀ ಕೈಯಲ್ಲಿ ಬಂದ್ರೆ ಮರ್ಯಾದೆ ಇರಲ್ಲ."

ಹೀಗಾಗಿ ಶನಿವಾರವಿಡೀ ನಟರಾಜ ಯೋಕೋಹಾಮಾದ ಅಂಗಡಿಗಳಲ್ಲಿ ಅಲೆದು, ಡಬ್ಬದ ಮೇಲೆ ಲಂಡನ್ನಿನ ಗಡಿಯಾರದ ಚಿತ್ರವಿದ್ದ ಬಿಸ್ಕತ್ತುಗಳನ್ನು ಹುಡುಕಿ ಹೊತ್ತು ತಂದ. ಭಾನುವಾರ ಅಭಿಷೇಕ ಮಫ್ಲರ್ ಸುತ್ತಿಕೊಂಡು, ಬೆವರು ಸುರಿಸುತ್ತ, ಹಲ್ಲು ಕಿರಿಯುತ್ತ, ಎಲ್ಲರಿಗೂ ಬಗ್ಗಿ ಬಗ್ಗಿ ಡಬ್ಬ ಹಂಚಿದ.

ಓಕುಬೊ-ಸಾನ್ ತಮ್ಮ ಡಬ್ಬವನ್ನು ತಿರುಗಿಸಿ ತಳ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಮುಖ ಅರಳಿತು.

"ಅಯ್ಯೋ, ಇದು ನಮ್ಮ ಕಾವಾಸಾಕಿ ಸ್ಟೇಷನ್ ಹಿಂದಿನ ಫ್ಯಾಕ್ಟರಿಯದು! ನನ್ನ ತಂಗಿ ಅಲ್ಲೇ ಕೆಲಸಕ್ಕಿದ್ದಳು. ಪರವಾಗಿಲ್ಲವೇ, ನಮ್ಮ ಬಿಸ್ಕತ್ತು ಇಂಗ್ಲೆಂಡಿಗೆ ಹೋಗಿ ಬಂತಲ್ಲ!"

ನಟರಾಜ ಸೊಂಟ ಬಗ್ಗಿಸಿದ. ಬಹಳ ಹೊತ್ತು ಮೇಲೇಳಲಿಲ್ಲ.