ಕಾಕಾ, ಮಗ್ಗ ಮತ್ತು ಎರಡು ಕಂಪ್ಯೂಟರ್

ಇಳಕಲ್ಲಿನಲ್ಲಿ ಆಪರೇಟಿಂಗ್ ಸಿಸ್ಟಂಗಳ ಮೊದಲ ವಿಮರ್ಶಕರು ನಮ್ಮ ಕಾಕಾ ಎಂದರೆ ನೀವು ನಗುತ್ತೀರಿ. ನಗಿ! ಅವರಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಸೀರೆ ನೇಯುವುದು ಬರುತ್ತಿತ್ತು. ಜಗತ್ತಿನ ಸಮಸ್ತವನ್ನೂ ಸೀರೆಗೆ ಹೋಲಿಸಿ ತೀರ್ಪು ಕೊಡುವುದು ಅವರ ಚಟ. ನನ್ನ ಎಂ.ಎ. ಪದವಿಯೂ ಪಾರಾಗಲಿಲ್ಲ: "ಬರೇ ಸೆರಗ ಐತಿ, ಒಡಲ ಇಲ್ಲ!"

ಎಂಬತ್ತರ ದಶಕದ ಕೊನೆ ಇರಬೇಕು. ಗ್ರಾನೈಟ್ ಕಚೇರಿಯೊಂದರಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಪ್ಪು ಪರದೆ, ಹಸಿರು ಅಕ್ಷರ. ಆಜ್ಞೆಗಳನ್ನು ಬಾಯಿಪಾಠ ಮಾಡಿ ಒತ್ತಬೇಕು. ಬುತ್ತಿ ತಂದ ಕಾಕಾ ಒಮ್ಮೆ ಇಣುಕಿ ನೋಡಿದರು. "ಲೇ ತಮ್ಮಾ, ಇದು ನಮ್ಮ ಸಾಲಿ ಮಾಸ್ತರ ಇದ್ದಂಗೈತಿ. ತಾನಾಗಿ ಏನೂ ಹೇಳಂಗಿಲ್ಲ, ತಪ್ಪಿದ್ರ ಬೈತೈತಿ!"

ಅಷ್ಟರಲ್ಲಿ ಸಾಹುಕಾರರು ಹೊಸದೊಂದನ್ನು ತರಿಸಿದರು. ಪರದೆಯ ತುಂಬ ಚಿತ್ರಗಳು. ಮೌಸ್ ಸರಿಸಿ ಒತ್ತಿದರೆ ಕೆಲಸ. ಬೇಡದ ಕಾಗದಕ್ಕೆ ಕಸದ ಬುಟ್ಟಿ ಕೂಡ!

"ಇದು ಸೀರಿ ಅಂಗಡಿ!" ಕಾಕಾ ಹಿಗ್ಗಿದರು. "ಎಲ್ಲಾ ಮುಂದ ಹರವ್ಯಾರ, ಬೆರಳ ತೋರಿಸಿದ್ರ ಸಾಕು. ಆ ಹಳೇದು ನೇಯಾವರಿಗೆ ಮಾಡಿದ್ದು, ಇದು ಉಡಾವರಿಗೆ ಮಾಡಿದ್ದು. ಇನ್ನ ಮುಂದ ಎಲ್ಲಾ ಉಡಾವರ ಕಡೆನ ಹೊಳ್ಳತಾವ ನೋಡು."

ನನಗೋ ನೌಕರಿಯ ಚಿಂತೆ. ಸಾಹುಕಾರರು ಹೇಳಿಬಿಟ್ಟಿದ್ದರು: "ಒಂದ ತಿಂಗಳದಾಗ ಎಲ್ಲಾ ಕೆಲಸ ಇದರಾಗ ಆಗ್ಬೇಕು. ಇಲ್ಲಾಂದ್ರ ಬ್ಯಾರೆ ಮಂದೀನ್ನ ನೋಡ್ತೇನಿ."

"ಕಾಕಾ, ಕಲ್ತದ್ದೆಲ್ಲಾ ನೀರಾಗ ಹೋತ್ರಿ."

"ಹುಚ್ಚಪ್ಪಾ! ಮಗ್ಗಕ್ಕ ಹೊಸಾ ಹಾಸಿನ ನೂಲು ಬಂತಂತ ಹಳೇದನ್ನ ಕಿತ್ತ ಒಗಿತೇವೇನು? ಅದರ ತುದಿಗೇ ಹೊಸಾದ್ರ ಒಂದೊಂದ ಎಳಿ ಗಂಟ ಹಾಕ್ತೇವಿ."

ಅಂದಿನಿಂದ ಕಾಕಾ ಬೆಳಿಗ್ಗೆಯೇ ಬಂದು ನನ್ನ ಪಕ್ಕದಲ್ಲಿ ಠಿಕಾಣಿ! ನಾನು ಹೇಳಿದ್ದ ಹಳೆಯ ಆಜ್ಞೆಗಳಲ್ಲಿ ಒಂದೊಂದನ್ನೇ ಎತ್ತಿ ಕೇಳುವರು. ಹೊಸದರಲ್ಲಿ ಅದರ ಜೋಡಿ ಸಿಗುವವರೆಗೆ ಬಿಡುಗಡೆ ಇಲ್ಲ.

"ಅಳಸೂದು?"

"ಕಸದ ಬುಟ್ಟಿ ರೀ."

"ಗಂಟ ಬಿತ್ತು! ಮುಂದಿನ ಎಳಿ!"

ಕಚೇರಿಯೆಲ್ಲ ನಗುತ್ತಿತ್ತು. ನಾಚಿಕೆಯಿಂದ ದಿನಚರಿಯಲ್ಲಿ ಬರೆದೆ: "ಕಾಕಾ ಇವತ್ತೂ ತಲೆ ತಿಂದರು."

ತಿಂಗಳು ಮುಗಿಯಿತು, ನೌಕರಿ ಉಳಿಯಿತು. ಪೇಡೆ ಹಿಡಿದು ಕಾಕಾನ ಮನೆಗೆ ಹೋದರೆ, ಮಗ್ಗದ ಮೇಲೆ ಸೀರೆಯೊಂದು ಅರ್ಧಕ್ಕೆ ನಿಂತು ಧೂಳು ಹಿಡಿದಿತ್ತು.

"ನಿನ್ನ ನೌಕರಿ ಉಳದ ಮ್ಯಾಲನ ನೇಯ್ತೇನಿ ಅಂದಿದ್ರಪಾ," ಎಂದರು ಕಾಕು, ನಮ್ಮ ಚಿಕ್ಕಮ್ಮ.

ಈ ಮಾತಿಗೆ ನನ್ನ ನೆನಪು ಬಣ್ಣ ಹಚ್ಚಿರಬಹುದೇ? ಗೊತ್ತಿಲ್ಲ, ದಿನಚರಿಯಲ್ಲಿ ಅದಿಲ್ಲ. ಇರುವುದು ತಲೆ ತಿಂದ ಆ ಸಾಲು ಮಾತ್ರ. ಇವತ್ತು ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದವನು ತಡೆದೆ. ಹಳೆಯದನ್ನು ಕಿತ್ತೊಗೆಯುವುದೇ? ಅದರ ತುದಿಗೇ ಒಂದು ಎಳೆ ಗಂಟು ಹಾಕಿದೆ:

"ಮಗ್ಗ ನಿಲ್ಲಿಸಿ ಬಂದು."